ನೀಲಾಬಾಯಿಯ ಮುಗಿಯದ ಶಾಲು

ಹುನಗುಂದದಲ್ಲಿ ಸ್ವೆಟರ್ ಬೇಕೆನ್ನಿಸುವಷ್ಟು ಚಳಿ ಬೀಳುವುದು ವರ್ಷಕ್ಕೆ ಹತ್ತು ದಿನ. ಉಳಿದ ದಿನಗಳಲ್ಲಿ ಉಲನ್ ಮುಟ್ಟಿದರೇ ಬೆವರು. ಅಂಥ ಊರಿನಲ್ಲಿ ಕುಳಿತು ನೀಲಾಬಾಯಿ ಬೇಸಿಗೆ, ಮಳೆಗಾಲ ಎನ್ನದೆ ಎರಡು ಕಡ್ಡಿ ಹಿಡಿದು ಹೆಣೆಯುತ್ತಿದ್ದಳು. ಬೇಳೆ ಕುದಿಯುವಷ್ಟರಲ್ಲಿ ನಾಲ್ಕು ಸಾಲು, ನೀರು ಕಾಯುವಷ್ಟರಲ್ಲಿ ಎರಡು ಸಾಲು. ಕೈ ಸುಮ್ಮನೆ ಕೂತರೆ ಅವಳ ಜೀವ ಚಡಪಡಿಸುತ್ತಿತ್ತು. ಮಲಗಿದಾಗಲೂ ಬೆರಳುಗಳು ಹೊದಿಕೆಯ ಅಂಚನ್ನು ಹುಡುಕಿ ತಿರುವುತ್ತಿದ್ದವು ಎಂದು ಗಂಡ ರಾಚಪ್ಪನೇ ಹೇಳುತ್ತಿದ್ದ.

ಕೈಗೊಂದು ಕೆಲಸ ಇಟ್ಟುಕೊಂಡರೆ ಯಾರೂ ಬೇಡವೆನ್ನುವುದಿಲ್ಲ ಬಿಡಿ. ಓಣಿ ನಗುತ್ತಿದ್ದುದು ಬೇರೆ ಕಾರಣಕ್ಕೆ. ನೀಲಾಬಾಯಿ ಹೆಣೆದದ್ದನ್ನು ಎಂದೂ ಮುಗಿಸುತ್ತಿರಲಿಲ್ಲ. ಕೊನೆಯ ಸಾಲಿನ ಕುಣಿಕೆಗಳನ್ನು ಒಂದರೊಳಗೊಂದು ತೂರಿಸಿ ಬಂದ್ ಮಾಡಿದರೆ ಮಾತ್ರ ಹೆಣಿಗೆ ನಿಲ್ಲುತ್ತದೆ. ಇಲ್ಲದಿದ್ದರೆ ಎಳೆಯೊಂದನ್ನು ಜಗ್ಗಿದರೆ ಸಾಕು, ಸರಸರ ಬಿಚ್ಚಿ ಹೋಗುತ್ತದೆ. ಆ ಕೊನೆಯ ಸಾಲಿಗೆ ಬಂದಾಗ ಅವಳು ಹೆಣಿಗೆ ಕೆಳಗಿಡುತ್ತಿದ್ದಳು. ಓಣಿಯವರಿಗಾಗಿ ಹೆಣೆದದ್ದಾದರೆ ಕಡ್ಡಿ ಸಮೇತ ಪಕ್ಕದ ಮನೆಯ ಮಕ್ತುಮಬಿಯ ಕೈಗೆ ಕೊಡುತ್ತಿದ್ದಳು.

"ಹೆಣಿಯಾಕಿ ನೀ, ಹೆಸರು ನಿಂದು. ಮುಗಸಾಕ ಮಾತ್ರ ನಾ ಬೇಕು," ಎಂದು ಮಕ್ತುಮಬಿ ಗೊಣಗುತ್ತಲೇ ಬಂದ್ ಮಾಡಿ ಕೊಡುತ್ತಿದ್ದಳು. ಯಾಕೆ ಏನು ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳದ ನೆರೆಯವರು ಸಿಗುವುದು ಪುಣ್ಯ.

ತನ್ನ ಮನೆಗೆಂದು ಹೆಣೆದದ್ದನ್ನು ಮಾತ್ರ ನೀಲಾಬಾಯಿ ಯಾರಿಗೂ ಕೊಡುತ್ತಿರಲಿಲ್ಲ. ಅದೊಂದು ಕೆಂಪು ಶಾಲು. ಬಾಗಲಕೋಟೆಯ ಜಾಫರಸಾಬನ ಅಂಗಡಿಯಲ್ಲಿ ಒಮ್ಮೆ ಕೊಂಡ ಆರು ಲಡಿ ಉಲನ್‌ನಲ್ಲಿ ಒಂಬತ್ತು ವರ್ಷದಿಂದ ಅದೇ ಶಾಲು. ಕೊನೆಯ ಸಾಲಿನವರೆಗೆ ಹೆಣೆಯುವುದು, ಎಲ್ಲವನ್ನೂ ಬಿಚ್ಚುವುದು, ಗುಂಗುರು ಗುಂಗುರಾದ ಎಳೆಯನ್ನು ಕುರ್ಚಿಯ ಬೆನ್ನಿಗೆ ಸುತ್ತಿ ನೀರಿನಲ್ಲಿ ನೆನೆಸಿ ಒಣಗಿಸುವುದು, ಮತ್ತೆ ಮೊದಲಿನಿಂದ ಶುರು. ಅಂಗಳದಲ್ಲಿ ಕೆಂಪು ಉಲನ್ ಒಣಗುವುದು ಕಂಡರೆ ಓಣಿಯ ಹೆಂಗಸರು, "ಬಿಚ್ಚವ್ವನ ಸುಗ್ಗಿ ಮುಗೀತು ನೋಡ್ರಿ," ಎಂದು ನಗುತ್ತಿದ್ದರು. ನೀಲಾಬಾಯಿಯೂ ನಗುತ್ತಿದ್ದಳು. ನಗದೆ ಏನು ಮಾಡುತ್ತಾಳೆ?

ಅವಳು ಇಳಕಲ್ಲಿನ ನೇಕಾರರ ಮನೆಯ ಮಗಳು. ಎಳೆ ಕಡಿದರೆ ಜೋಡಿಸುವುದನ್ನು ಅಕ್ಷರಕ್ಕಿಂತ ಮೊದಲು ಕಲಿತವಳು. ಕಡ್ಡಿ ಹೆಣಿಗೆಯನ್ನು ಸಾಲೆಯ ಹೊಲಿಗೆ ಟೀಚರಿಂದ ಕಲಿತಿದ್ದಳು. ರಾಚಪ್ಪನನ್ನು ಮದುವೆಯಾಗಿ ಹುನಗುಂದಕ್ಕೆ ಬಂದ ಎರಡನೆಯ ವರ್ಷ, ಇಸವಿ ಎಪ್ಪತ್ತರಲ್ಲಿ, ಬಸುರಿಯಾದಳು. ಕೂಸು ಹುಟ್ಟುವ ಮೊದಲು ಅದಕ್ಕೆ ಹೊಸ ಬಟ್ಟೆ ಮಾಡಬಾರದು. ಮೊದಲ ಅರಿವೆ ಯಾರೋ ಉಟ್ಟು ಮೆತ್ತಗಾದ ಹಳೆಯ ಧೋತರದ ತುಂಡೇ ಆಗಬೇಕು. ಇದು ಅವಳಿಗೆ ಗೊತ್ತಿಲ್ಲದ ಮಾತಲ್ಲ. ಆದರೂ ಎಂಟನೆಯ ತಿಂಗಳಲ್ಲಿ ಬಿಳಿ ಉಲನ್ ತರಿಸಿ, ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಯುವ ಪುಟ್ಟದೊಂದು ಕುಂಚಿಗೆ ಹೆಣೆದು, ಚೊಕ್ಕವಾಗಿ ಬಂದ್ ಮಾಡಿ, ಗೋಡೆಯ ಮಾಡದಲ್ಲಿ ಹಾಸಿಗೆಗಳ ಕೆಳಗೆ ಬಚ್ಚಿಟ್ಟಳು.

ಗಂಡುಕೂಸು. ಒಂಬತ್ತು ದಿನ ಇತ್ತು. ಅದು ತೀರಿದ ಹತ್ತನೆಯ ದಿನ ಹಾಸಿಗೆ ತೆಗೆಯುವಾಗ ಕುಂಚಿಗೆ ಅತ್ತೆ ಗುರುಸಿದ್ದವ್ವನ ಕೈಗೆ ಸಿಕ್ಕಿತು.

"ಕೂಸು ಬರೂದಕ್ಕಿಂತ ಮೊದಲ ಮಾಡಿಟ್ಟಿಯಲ್ಲ," ಎಂದಳು ಆಕೆ. "ಅದಕ್ಕ ನಿಲ್ಲಲಿಲ್ಲ ಅದು."

ಗುರುಸಿದ್ದವ್ವ ಆ ಮಾತು ಆಡಿದ್ದು ಒಂದೇ ಸಲ. ಮತ್ತೆಂದೂ ಎತ್ತಲಿಲ್ಲ. ನೀಲಾಬಾಯಿ ಅವತ್ತೇ ಕುಂಚಿಗೆಯನ್ನು ಬಿಚ್ಚಿ ಒಲೆಗೆ ಹಾಕಿದಳು. ಉಲನ್ ಸುಟ್ಟ ಕಮಟು ಎರಡು ದಿನ ಮನೆ ಬಿಟ್ಟು ಹೋಗಲಿಲ್ಲ. ಆಮೇಲೆ ಅವಳ ಮಡಿಲು ತುಂಬಲಿಲ್ಲ. ಎರಡು ವರ್ಷ ಕಡ್ಡಿ ಮುಟ್ಟದೆ ಇದ್ದು ನೋಡಿದಳು, ಕೈ ಕೇಳಲಿಲ್ಲ. ಮತ್ತೆ ಹಿಡಿದಳು. ಆದರೆ ತಾನು ಮುಗಿಸಿದ್ದು ಯಾರ ಮೈಮೇಲೆ ಬೀಳುತ್ತದೋ ಅವರು ಉಳಿಯುವುದಿಲ್ಲ ಎಂಬ ಹೆದರಿಕೆ ಎದೆಯಲ್ಲಿ ಕೂತುಬಿಟ್ಟಿತ್ತು. ಹೇಳಿದರೆ ಹುಚ್ಚಿ ಅಂದಾರು ಎಂದು ಗಂಡನಿಗೂ ಹೇಳಲಿಲ್ಲ.

ಎಂಬತ್ತೊಂದರ ಶಿವರಾತ್ರಿಗೆ ಬಾದಾಮಿಯ ಬಸಯ್ಯ ಎಂಬವನು ಯಾತ್ರೆಯ ಬಸ್ಸು ಹೊರಡಿಸಿದ. ಕಾಶಿ, ಅಲ್ಲಿಂದ ನೇಪಾಳದ ಪಶುಪತಿನಾಥ. ಗುರುಸಿದ್ದವ್ವ ಹೋಗಲೇಬೇಕೆಂದು ಹಟ ಹಿಡಿದಳು. ತಹಸೀಲದಾರ ಕಚೇರಿಯಲ್ಲಿ ಕಾರಕೂನನಾಗಿದ್ದ ರಾಚಪ್ಪನಿಗೆ ರಜೆ ಸಿಗಲಿಲ್ಲ. ಹಾಗಾಗಿ ಅತ್ತೆಯ ಜೊತೆ ಸೊಸೆ.

"ಫಾರಿನ್ನಿಗೆ ಹೊಂಟಾಳಪಾ ನಮ್ಮ ಬಿಚ್ಚವ್ವ," ಎಂದು ಮಕ್ತುಮಬಿ ಅಮೀನಗಡದ ಕರದಂಟಿನ ಡಬ್ಬಿ ತಂದುಕೊಟ್ಟಳು. "ಅಲ್ಲಿ ಭಾಳ ಥಂಡಿ ಅಂತ. ಆ ಶಾಲರ ಮುಗಿಸಿ ತೊಗೊಂಡು ಹೋಗು."

"ನೋಡೋಣಕ್ಕಾ," ಎಂದು ನೀಲಾಬಾಯಿ ಶಾಲನ್ನು ಕಡ್ಡಿ ಸಮೇತ ಚೀಲಕ್ಕೆ ತುರುಕಿದಳು.

ಬಾದಾಮಿಯಿಂದ ಹೊರಟ ಬಸ್ಸು ಸೊಲ್ಲಾಪುರ ಮುಟ್ಟುವುದರೊಳಗೆ ಅವಳ ಉಂಡೆ ಮಡಿಲಿನಿಂದ ಜಾರಿ, ಸೀಟುಗಳ ಕೆಳಗೆ ಉರುಳಿ, ನಲವತ್ತು ಮಂದಿಯ ಕಾಲು, ಗಂಟು, ತಂಬಿಗೆಗಳಿಗೆಲ್ಲ ಸುತ್ತಿಕೊಂಡಿತು. ಬಿಡಿಸಲು ಬಸ್ಸನ್ನು ಅರ್ಧ ತಾಸು ನಿಲ್ಲಿಸಬೇಕಾಯಿತು. ಬಸಯ್ಯ ಕೈ ಮುಗಿದ. "ಅವ್ವಾರ, ಇದನ್ನ ಕಟ್ಟಿ ಇಡ್ರಿ. ಇಲ್ಲಾಂದ್ರ ಮುಂದಿನ ಶಿವರಾತ್ರಿಗೆ ಮುಟ್ಟತೀವಿ." ಕಟ್ಟಿಟ್ಟಳು. ಹತ್ತು ಮೈಲಿಯೊಳಗೆ ಮತ್ತೆ ತೆಗೆದಳು.

ಗಡಿ ದಾಟುವಾಗ ನೇಪಾಳದ ಕಾವಲಿನವನು ಅವಳ ಚೀಲ ಬಿಚ್ಚಿ ಉಂಡೆಗಳನ್ನು ಒಂದೊಂದಾಗಿ ಹೊರಗಿಟ್ಟ. ಮಾರಲು ತಂದ ಮಾಲು ಎಂದು ಅವನ ಗುಮಾನಿ. ಅವಳಿಗೆ ಹಿಂದಿ ಬಾರದು, ಅವನಿಗೆ ಕನ್ನಡ ಬಾರದು. ಕೊನೆಗೆ ನೀಲಾಬಾಯಿ ಅವನ ಬೆಂಚಿನ ಮೇಲೆಯೇ ಕೂತು ಎರಡು ಸಾಲು ಹೆಣೆದು ತೋರಿಸಿದಳು. ಅವನು ಬಗ್ಗಿ ನೋಡಿ, ಎಳೆಯ ಜೂಲು ಎದ್ದದ್ದನ್ನು ಮುಟ್ಟಿ ನಕ್ಕು ಚೀಲ ಕಟ್ಟಿಕೊಟ್ಟ. ಇಷ್ಟು ಹಳೆಯ ಉಲನ್ ಯಾರು ಕೊಂಡಾರು!

ಕಾಠಮಾಂಡುವಿನಲ್ಲಿ ದರ್ಶನವಾಯಿತು. ಮರುದಿನ ಊರು ನೋಡಲು ಹೋದಾಗ, ಒಂದು ದೊಡ್ಡ ಬಿಳಿಯ ಸ್ತೂಪದ ಸುತ್ತ ಟಿಬೆಟ್ಟಿನ ಹೆಂಗಸರು ಬಿಸಿಲಿಗೆ ಕೂತು ಹೆಣೆಯುವುದು ಕಂಡಿತು. ನೀಲಾಬಾಯಿಯ ಕಾಲು ಅಲ್ಲಿಯೇ ನಿಂತವು. ಬೇರೆ ದೇಶದಲ್ಲಿ, ಬೇರೆ ಮುಖಗಳ ನಡುವೆ, ಅದೇ ಎರಡು ಕಡ್ಡಿ, ಅದೇ ಬೆರಳ ಓಟ. ಹೋಗಿ ಅವರ ಪಕ್ಕದಲ್ಲಿ ಕೂತಳು. ಕೆನ್ನೆ ಕೆಂಪಗಾಗಿದ್ದ ಮುದುಕಿಯೊಬ್ಬಳು ಕೈ ಚಾಚಿದಾಗ ತನ್ನ ಶಾಲನ್ನು ನೋಡಲು ಕೊಟ್ಟಳು. ಮುದುಕಿ ಹಿಂದೆ ಮುಂದೆ ತಿರುಗಿಸಿ ನೋಡಿ ತಲೆದೂಗಿದಳು. ಉಳಿದದ್ದು ಒಂದೇ ಸಾಲು ಎಂದು ಅವಳಿಗೆ ತಿಳಿಯಿತು. ಉಪಕಾರ ಮಾಡೋಣವೆಂದು ತಾನೇ ಕಡ್ಡಿ ಹಿಡಿದು ಬಂದ್ ಮಾಡಲು ಶುರು ಮಾಡಿದಳು.

"ಬ್ಯಾಡ! ಬ್ಯಾಡ್ರೀ!"

ಸುತ್ತಲಿನವರೆಲ್ಲ ತಿರುಗಿ ನೋಡುವಂತೆ ನೀಲಾಬಾಯಿ ಚೀರಿ ಶಾಲು ಕಸಿದುಕೊಂಡಳು. ಮುಚ್ಚಿದ್ದ ನಾಲ್ಕಾರು ಕುಣಿಕೆಗಳನ್ನು ಉಗುರಿನಿಂದ ಬಿಚ್ಚುವಾಗ ಅವಳ ಹಲ್ಲು ಕಟಕಟಿಸುತ್ತಿದ್ದವು. ಪಾಪ, ಆ ಮುದುಕಿ ಏನು ತಪ್ಪಾಯಿತೋ ಎಂದು ಎರಡೂ ಕೈ ಜೋಡಿಸಿದಳು. ಗುರುಸಿದ್ದವ್ವ ಒಂದು ಮಾರು ದೂರದಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಅವತ್ತು ಊಟ ಮಾಡಲಿಲ್ಲ.

ತಿರುಗಿ ಹೊರಡುವ ದಿನ ಗುರುಸಿದ್ದವ್ವ ಬೆಳಗ್ಗೆ ಇನ್ನೊಮ್ಮೆ ಹೊಳೆಯಲ್ಲಿ ಮುಳುಗಿ, ಹೊದ್ದುಕೊಳ್ಳುವುದನ್ನೂ ತೋಯಿಸಿಕೊಂಡು ಬಂದಳು. ಒದ್ದೆ ಧಾಬಳಿ ಬಸ್ಸಿನ ಮೇಲೆ ಹೋಯಿತು. ಮಧ್ಯಾಹ್ನ ಬಸ್ಸು ಘಟ್ಟ ಏರಿ, ಎಲ್ಲಕ್ಕಿಂತ ಎತ್ತರದ ತಿರುವಿಗೆ ಬಂದು ಕೆಟ್ಟು ನಿಂತಿತು. ಸುತ್ತ ಮಂಜು. ಕಿಟಕಿಯ ಸಂದಿಯಿಂದ ಬರುವ ಗಾಳಿ ಎಲುಬಿಗೆ ಇಳಿಯುತ್ತಿತ್ತು. ಡ್ರೈವರನೂ ಬಸಯ್ಯನೂ ಬಸ್ಸಿನ ಕೆಳಗೆ ಮಲಗಿ ಏನೇನೋ ಬಡಿಯುತ್ತಿದ್ದರು. ಎಲ್ಲರೂ ತಮ್ಮ ತಮ್ಮ ಕಂಬಳಿಯೊಳಗೆ ಮುದುಡಿದ್ದರು. ಎಪ್ಪತ್ತು ದಾಟಿದ ಗುರುಸಿದ್ದವ್ವ ಸೆರಗು ಬಿಗಿದು ಗದಗದ ನಡುಗುತ್ತಿದ್ದಳು, ತುಟಿ ನೀಲಿಗಟ್ಟಿತ್ತು.

ನೀಲಾಬಾಯಿಯ ಮಡಿಲಲ್ಲಿ ಶಾಲಿತ್ತು. ಅದನ್ನು ಕೊಡಲು ಅವಳು ಹೆದರಿದಳು ಎಂದರೆ ಯಾರೂ ನಂಬಲಿಕ್ಕಿಲ್ಲ. ಬಂದ್ ಮಾಡಿಲ್ಲವಲ್ಲ, ಏನೂ ಆಗಲಾರದು ಎಂದು ತನಗೆ ತಾನೇ ಹೇಳಿಕೊಂಡು, ಕಡ್ಡಿ ಸಮೇತ ಅತ್ತೆಯ ಹೆಗಲಿನಿಂದ ಮೊಣಕಾಲಿನವರೆಗೆ ಸುತ್ತಿದಳು.

ಸ್ವಲ್ಪ ಹೊತ್ತಿಗೆ ಮುದುಕಿಗೆ ಮಾತು ಬಂತು.

"ನೀ ಯಾಕ ಬಂದ್ ಮಾಡೂದಿಲ್ಲ ಅಂತ ನನಗ ಇಷ್ಟು ವರ್ಷ ತಿಳಿದಿದ್ದಿಲ್ಲ, ನೀಲಾ. ಚಟ ಅನಕೊಂಡಿದ್ದೆ. ಮೊನ್ನೆ ನಿನ್ನ ಮಾರಿ ನೋಡಿದೆ. ಕೂಸು ಹ್ವಾದ ದಿನದ ಮಾರಿ ಅದು."

ನೀಲಾಬಾಯಿ ಕಿಟಕಿಯ ಕಡೆ ತಿರುಗಿದಳು. "ಈಗ್ಯಾಕ ಅದು, ಅತ್ತಿ."

"ನಾನೂ ಮಾಡಿದ್ದೆ."

"ಏನು?"

"ಕುಂಚಗಿ. ಗುಳೇದಗುಡ್ಡದಿಂದ ಖಣದ ಅರಿವಿ ತರಸಿ ನನ್ನ ಕೈಯಾರ ಹೊಲದಿದ್ದೆ. ನಿನಗ ಏಳು ತಿಂಗಳಿದ್ದಾಗ. ನಿನ್ನದಕ್ಕಿಂತ ಮೊದಲ." ಗುರುಸಿದ್ದವ್ವ ಸೊಸೆಯ ಮುಖ ನೋಡದೆ ಎದುರಿನ ಸೀಟಿಗೆ ಹೇಳುವಂತೆ ಹೇಳುತ್ತಿದ್ದಳು. "ಮೊದಲನೇ ಮೊಮ್ಮಗ. ತಡಕೊಳ್ಳಾಕ ಆಗಲಿಲ್ಲ. ಪೆಟಗಿಯೊಳಗ ಬಚ್ಚಿಟ್ಟಿದ್ದೆ. ಕೂಸು ಹೋತು. ನಾನ ತಿಂದೆ ಅದನ್ನ ಅಂತ ಹತ್ತು ದಿನ ಸತ್ತು ಬದುಕಿದೆ. ಆಮ್ಯಾಲ ನಿಂದು ಕೈಗೆ ಸಿಕ್ತು. ತಪ್ಪು ನಿಂದು ಅಂದುಬಿಟ್ಟರ ನನಗ ನಿದ್ದಿ ಬರತಿತ್ತು. ಅಂದೆ. ನಿದ್ದಿ ಬಂತು."

ಹನ್ನೊಂದು ವರ್ಷ. ನೀಲಾಬಾಯಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ತಲೆಯಿಂದ ಕಾಲಿನವರೆಗೆ ಉರಿಯುವ ಸಿಟ್ಟು. ತಾನು ಹನ್ನೊಂದು ವರ್ಷ ಒಂದು ಟೊಪ್ಪಿಗೆ ಮುಗಿಸಲು ಹೆದರಿದವಳು. ಈಕೆ ಅದೇ ಮನೆಯಲ್ಲಿ, ಅದೇ ತಪ್ಪನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಹೊಟ್ಟೆ ತುಂಬ ಉಂಡು ಮಲಗಿದಳಲ್ಲ!

"ನಿದ್ದಿ ಬಂತಾ ನಿಮಗ?" ಎಂದಳು. ಬಗ್ಗಿ ಅತ್ತೆಯ ಮೊಣಕಾಲಿನ ಬಳಿ ತೂಗುತ್ತಿದ್ದ ಕಡ್ಡಿಯನ್ನು ಕಿತ್ತು ಎಳೆ ಹಿಡಿದು ಜಗ್ಗಿದಳು.

ಶಾಲು ಮುದುಕಿಯ ಮೈಮೇಲೆಯೇ ಬಿಚ್ಚತೊಡಗಿತು. ಒಂದು ಸಾಲು, ಎರಡು ಸಾಲು, ಹತ್ತು ಸಾಲು. ಗುಂಗುರು ಎಳೆ ನೀಲಾಬಾಯಿಯ ಕಾಲ ಬಳಿ ಗುಡ್ಡೆಯಾಯಿತು. ಗುರುಸಿದ್ದವ್ವ ತಡೆಯಲಿಲ್ಲ. ಗಾಳಿ ಮತ್ತೆ ಅವಳ ಮೊಣಕಾಲು ಹಿಡಿಯಿತು, ಮತ್ತೆ ನಡುಗತೊಡಗಿದಳು. ಒಂದು ಕಡೆ ಎಳೆ ಸಿಕ್ಕಿ ನಿಂತಿತು. ನೀಲಾಬಾಯಿ ಜೋರಾಗಿ ಜಗ್ಗಿದಳು, ಬರಲಿಲ್ಲ.

"ತಡಿ, ನನ್ನ ಬಳಿಗೆ ಸಿಕ್ಕೈತಿ," ಎಂದು ಗುರುಸಿದ್ದವ್ವ ಮರಗಟ್ಟಿದ ಬೆರಳುಗಳಿಂದ, ಎಳೆ ಕಡಿಯದ ಹಾಗೆ, ಮೆಲ್ಲಗೆ ತನ್ನ ಬಳೆಯಿಂದ ಬಿಡಿಸಿದಳು. ಬಿಡಿಸಿ ಸೊಸೆಯ ಕಡೆ ಚಾಚಿದಳು. "ಹೂಂ, ಬಿಚ್ಚು."

ನೀಲಾಬಾಯಿ ಆ ಎಳೆ ಹಿಡಿದುಕೊಂಡು ಕೂತಳು. ಆಗ ಅಳು ಬಂತು. ಕೂಸು ಹೋದಾಗಲೂ ಹೀಗೆ ಬಾಯಿಬಿಟ್ಟು ಅತ್ತಿರಲಿಲ್ಲ; ತಪ್ಪು ಮಾಡಿದವಳು ಹೇಗೆ ಅಳಬೇಕು ಎಂದು ನುಂಗಿದ್ದಳು. ಈಗ ನುಂಗಬೇಕಾದ ಕಾರಣ ಇರಲಿಲ್ಲ. ಹಿಂದಿನ ಸೀಟಿನವರು, "ಏನಾತ್ರೀ?" ಎಂದರು. "ಥಂಡಿ," ಎಂದಳು ಗುರುಸಿದ್ದವ್ವ.

ಅತ್ತು ಮುಗಿದ ಮೇಲೆ ನೀಲಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡು ಬಗ್ಗಿದಳು. ಬಾಯಿ ತೆರೆದು ನಿಂತ ಕುಣಿಕೆಗಳನ್ನು ಒಂದೊಂದಾಗಿ ಹೆಕ್ಕಿ ಮತ್ತೆ ಕಡ್ಡಿಗೆ ಏರಿಸಿದಳು. ಶಾಲು ಒಂದು ಗೇಣು ಗಿಡ್ಡವಾಗಿತ್ತು. ಎರಡು ಕುಣಿಕೆ ಹೆಣೆದಳು. ಮೊದಲನೆಯದನ್ನು ಎರಡನೆಯದರ ಮೇಲಿಂದ ದಾಟಿಸಲು ಕಡ್ಡಿಯ ಮೊನೆ ಎತ್ತಿದಳು. ನಿಲ್ಲಿಸಿದಳು.

"ಯಾವ ಬಣ್ಣ?" ಎಂದಳು, ತಲೆ ಎತ್ತದೆ.

"ಯಾವುದು?"

"ಖಣ. ನೀವು ಹೊಲದದ್ದು."

"ಗಿಣಿ ಹಸರು," ಎಂದಳು ಗುರುಸಿದ್ದವ್ವ. "ಕೆಂಪು ಅಂಚು."

ಕುಣಿಕೆ ದಾಟಿತು. ಇನ್ನೊಂದು ಹೆಣೆದಳು. "ಗೊಂಡೆ ಇಟ್ಟಿದ್ರೇನು?"

"ನೆತ್ತಿಗೆ ಒಂದು. ಹಿಂದ ಬೆನ್ನಿನ ಮ್ಯಾಲ ಮೂರು. ಒಂದು ಸಣ್ಣ ಗೆಜ್ಜಿ ಹಚ್ಚಿದ್ದೆ, ಕೂಸು ಹೊಳ್ಳಿದರ ಸಪ್ಪಳ ಆಗಲಿ ಅಂತ."

ಬಸ್ಸಿನ ಕೆಳಗಿನ ಬಡಿತ ನಿಂತು, ಡ್ರೈವರ್ ಮೇಲೆ ಬಂದು ಕೂತ. ಬಸಯ್ಯ ಶಿವನಾಮ ಕೂಗಿದ. ಮುದುಕಿ ಹೇಳುತ್ತಲೇ ಇದ್ದಳು: ಒಳಗೆ ಯಾವ ಹಳೆಯ ಸೀರೆಯ ಅಸ್ತರು ಕೊಟ್ಟದ್ದು, ಕಟ್ಟುವ ದಾರ ಎಷ್ಟು ಉದ್ದ ಬಿಟ್ಟದ್ದು. ನೀಲಾಬಾಯಿ ಕೇಳುತ್ತ, ಅವಳ ಮೊಣಕಾಲಿನ ಮೇಲೆ ಶಾಲು ಹಿಡಿದು, ಒಂದಾದ ಮೇಲೊಂದು ಕುಣಿಕೆ ದಾಟಿಸುತ್ತ ಹೋದಳು. ಬಸ್ಸು ಘಟ್ಟ ಇಳಿಯತೊಡಗಿದಾಗ ಕಡ್ಡಿಯ ಮೇಲೆ ಒಂದೇ ಕುಣಿಕೆ ಉಳಿದಿತ್ತು.

"ಊರಿಗೆ ಹ್ವಾದ ಮ್ಯಾಲೆ ನನಗ ತೋರಸ್ರಿ ಅದನ್ನ," ಎಂದಳು.

"ತೋರಸ್ತೇನಿ."

ನೀಲಾಬಾಯಿ ಎಳೆಯನ್ನು ಹಲ್ಲಿನಿಂದ ಕಡಿದು, ತುದಿಯನ್ನು ಕುಣಿಕೆಯೊಳಗಿಂದ ತೆಗೆದು, ಬಿಗಿದಳು.