ಒಂಬತ್ತು ಸಲ ಸತ್ತ ಮಾನ್‌ಫು

"ಇನ್ನೂ ಎಳಿಯೋ, ಪರದೆ ಜೋಲ್ತಾ ಇದೆ!" ಎಂದು ಮುದುಕ ಬಿಯಾನ್ ಕೆಳಗಿನಿಂದ ಕೂಗಿದ. ಏಣಿಯ ಮೇಲಿದ್ದ ದೆಫಾ ಹಗ್ಗವನ್ನು ಅಂಗಳದ ಎಲಚಿ ಮರಕ್ಕೆ ಬಿಗಿದ. ಬೆಳಿಗ್ಗೆ ಅಪ್ಪನ ಶವಪೆಟ್ಟಿಗೆ ಎತ್ತುವ ಮುಂಚೆ ಅವನು ಒಡೆದ ಮಡಕೆಯ ಚೂರುಗಳು ಇನ್ನೂ ಬಾಗಿಲಲ್ಲೇ ಇದ್ದವು. ಅಪ್ಪ ಮಾನ್‌ಫು ಎಂಬತ್ತೆಂಟು ತುಂಬಿಸಿಕೊಂಡು ನಿದ್ದೆಯಲ್ಲೇ ಹೋಗಿದ್ದ. ಅಂಥ ಸಾವಿಗೆ ಊರಲ್ಲಿ ಯಾರೂ ಗೋಳಾಡುವುದಿಲ್ಲ. ಊಟಕ್ಕೆ ಬಂದವರು ತಮಗೂ ಅಂಥ ಆಯುಸ್ಸು ಸಿಗಲಿ ಎಂದು ಬಟ್ಟಲು ಕದಿಯುತ್ತಾರೆ, ಸಂಜೆ ಸಿನಿಮಾ ನೋಡಿ ಹೋಗುತ್ತಾರೆ.

"ಎಷ್ಟು ಬಟ್ಟಲು ಹೊಡ್ಕೊಂಡ್ಯೋ ಬಿಯಾನ್?" ಎಂದು ಸತ್ತವನ ಹೆಂಡತಿ ಶಿಯು ಅಜ್ಜಿ ಕೇಳಿದಳು.

"ಮೂರೇ ಅತ್ತಿಗೆ. ಒಂದು ನಂಗೆ, ಎರಡು ನನ್ನ ಮೊಣಕಾಲಿಗೆ."

ಅಜ್ಜಿ ನಕ್ಕು, ಸಿನಿಮಾ ತೋರಿಸುವ ಗಾವ್‌ನ ಕಡೆ ತಿರುಗಿದಳು. "ನಗೆ ಚಿತ್ರ ತೆಗೆದಿಡಪ್ಪ. ಆ ಗುಡ್ಡದ ಯುದ್ಧದ್ದು ಹಾಕು."

ದೆಫಾ ದಡಬಡನೆ ಇಳಿದು ಬಂದ. "ಅಮ್ಮಾ, ಅದರಲ್ಲಿ ಅಪ್ಪ ಸಾಯ್ತಾನೆ, ಒಂಬತ್ತು ಸಲ! ಹೇಡಿ ಥರ ಸಾಯ್ತಾನೆ ಅಂತ ಊರೇ ಆಡ್ಕೊಂಡು ನಗುತ್ತೆ. ಇವತ್ತೂ ನಗಬೇಕಾ?"

"ನಗ್ಲಿ ಬಿಡು. ಎಲ್ಲರೂ ನೋಡಿದಾರೆ, ನಾನೊಬ್ಬಳೇ ನೋಡಿಲ್ಲ. ಗಂಡ ಬದುಕಿರೋವಾಗ ಅವನ ಸಾವು ನೋಡಬಾರದು ಅಂತ ಅವನು ಬೀಳೋ ಹೊತ್ತಿಗೆ ಕಣ್ಣು ಮುಚ್ಕೋತಿದ್ದೆ. ಈಗ ಇನ್ಯಾವ ಅಪಶಕುನ? ಅವನ ಇಪ್ಪತ್ತರ ಮುಖ ಇರೋದು ಅದೊಂದರಲ್ಲೇ ಕಣೋ. ನಂಗೆ ನೋಡ್ಬೇಕು."

ಗಾವ್ ರೀಲು ಬದಲಿಸತೊಡಗಿದ.

* * *

ಅರವತ್ತೆಂಟು ವರ್ಷದ ಹಿಂದೆ ಆ ಯುದ್ಧದ ಚಿತ್ರ ತೆಗೆಯುವವರು ಊರಿಗೆ ಬಂದಾಗ ಶಿಯು ಹೊಸ ಮದುವಣಗಿತ್ತಿ. ಗುಡ್ಡದ ಮೇಲೆ ಹನ್ನೊಂದು ವೀರರು, ಕೆಳಗಿನಿಂದ ಮುತ್ತುವ ಸಾವಿರ ವೈರಿಗಳು, ಇಷ್ಟೇ ಕತೆ. ವೀರರನ್ನು ಪಟ್ಟಣದಿಂದ ಕರೆತಂದಿದ್ದರು. ಸಾವಿರಕ್ಕೆ ಸಿಕ್ಕವರು ಊರಿನ ನಲವತ್ತು ಗಂಡಸರು. ಅವರು ಸತ್ತು, ಗುಡ್ಡ ಸುತ್ತಿ ಬಂದು, ಟೋಪಿ ಬದಲಿಸಿ, ಮತ್ತೆ ಹತ್ತಿ ಮತ್ತೆ ಸಾಯಬೇಕಿತ್ತು. ಪ್ರತಿ ಸಾವಿಗೂ ಗೋಧಿ ಹಿಟ್ಟಿನ ಒಂದು ಬಿಸಿ ಮಂಟೌ. ಆವಿಯಲ್ಲಿ ಬೆಂದ ಅದನ್ನು ಅಂಗಿಯೊಳಗೆ ತುರುಕಿಕೊಂಡೇ ಮುಂದಿನ ಸಾವಿಗೆ ಓಡುವುದು. ಮನೆಗಳಲ್ಲಿ ಜೋಳದ ಗಂಜಿ ಬಿಟ್ಟರೆ ಬೇರೇನೂ ಇರದಿದ್ದ ವರ್ಷ. ಗಂಡಸರು ಸಾಯಲು ನಾ ಮುಂದು ತಾ ಮುಂದು ಎಂದು ನುಗ್ಗಿದರು.

ಸಂಜೆ ಅಕ್ಕಪಕ್ಕದ ಮನೆಗಳಿಗೆ ಬಂದದ್ದು ಅಪ್ಪಚ್ಚಿಯಾದ ಮಂಟೌ. ಮಾನ್‌ಫು ತಂದವು ಮಾತ್ರ ದುಂಡಗಿದ್ದವು.

"ಇವು ಹೇಗೆ ಇಷ್ಟು ದುಂಡಗಿವೆ?" ಎಂದು ಶಿಯು ಕೇಳಿದ್ದಳು.

"ನಿನ್ನ ಮುಖದ ಥರ ಇರ್ಲಿ ಅಂತ ಆರಿಸಿ ತಂದೆ," ಎಂದು ಅವನು ಮಾತು ಹಾರಿಸಿದ್ದ.

* * *

ಮಬ್ಬುಗತ್ತಲಲ್ಲಿ ಪರದೆಯ ಮೇಲೆ ಗುಂಡು ಹಾರಿತು. "ಒಂದು!" ಎಂದು ಬಿಯಾನ್ ಎಣಿಸಿದ. ಇಪ್ಪತ್ತರ ಮಾನ್‌ಫು ಎಲ್ಲರಂತೆ ದಡಕ್ಕನೆ ಬೋರಲು ಬಿದ್ದ. ಅಜ್ಜಿ ಕಣ್ಣು ಮುಚ್ಚಲಿಲ್ಲ.

ಎರಡನೆಯ ಸಲ ಉಳಿದವರು ಬೋರಲೇ ಬಿದ್ದರು. ಮಾನ್‌ಫು ಮಾತ್ರ ಎರಡೂ ಕೈಯಿಂದ ಎದೆ ಹಿಡಿದುಕೊಂಡು ಮಂಡಿಯೂರಿದ, ಆಮೇಲೆ ಕೂತ, ಆಮೇಲೆ ಮೆಲ್ಲಗೆ ಅಂಗಾತ ಮಲಗಿದ. ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು.

"ನೋಡಿ, ಹಾಸಿಗೆಗೆ ಹೋದಂಗೆ ಹೋದ!" ಎಂದ ಬಿಯಾನ್. "ಆ ನಲವತ್ತರಲ್ಲಿ ನಾನೂ ಇದ್ದೆ. ಚಿತ್ರದವರು ಎಷ್ಟು ಬೈದ್ರೂ ಹಿಂಗೇ ಸತ್ತ. ಮುಖ ತರಚೀತು ಅಂತ ಹೆದರಿಕೆ, ಹೇಡಿ!"

"ಬಿಯಾನ್," ಅಜ್ಜಿ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು. "ನಿನ್ನ ಹೆಂಡ್ತಿಗೆ ನೀನು ತಂದ್ಕೊಟ್ಟ ಮಂಟೌ ಹೆಂಗಿತ್ತೋ?"

"ಹೆಂಗಿರುತ್ತೆ? ಅದರ ಮೇಲೇ ಬಿದ್ದು ಬಿದ್ದು ರೊಟ್ಟಿ..." ಬಿಯಾನ್ ತಟ್ಟನೆ ಪರದೆಯತ್ತ ತಿರುಗಿದ.

"ನನಗೆ ಒಂಬತ್ತೂ ದುಂಡಗೇ ಬಂದವು ಕಣೋ, ಮುಠ್ಠಾಳ!" ಅಜ್ಜಿ ಅಳುತ್ತಿದ್ದಳು, ಎಲ್ಲರಿಗಿಂತ ಜೋರಾಗಿ ನಗುತ್ತಲೂ ಇದ್ದಳು. ದೆಫಾ ಅವಳ ಪಕ್ಕದಲ್ಲೇ ಕುಕ್ಕರಿಸಿ ಕೂತುಬಿಟ್ಟ.

ಚಿತ್ರದ ಕೊನೆಗೆ ಪರದೆಯ ಮೇಲೆ ಹನ್ನೊಂದು ವೀರರು ಬಾವುಟ ಎತ್ತಿ ಜಯಕಾರ ಹಾಕುತ್ತಿದ್ದರು. ಯಾರೂ ಅವರತ್ತ ನೋಡಲಿಲ್ಲ. ಕೆಳಗೆ, ಮೂಲೆಯಲ್ಲಿ, ಒಂಬತ್ತನೆಯ ಸಲ ಸತ್ತ ವೈರಿಯೊಬ್ಬ ಒಂದು ಕಣ್ಣು ಅರೆ ತೆರೆದು, ಉಬ್ಬಿದ ಎದೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತಿದ್ದ.