ಒಂಬತ್ತನೇ ಪ್ರಶ್ನೆಗೆ ಉತ್ತರ

ನಮ್ಮ ಹಾಸ್ಟೆಲ್ಲಿನಲ್ಲಿ ಪ್ಲಾಸ್ಟಿಕ್ ಬಗ್ಗೆ ಸಮೀಕ್ಷೆ ಮಾಡಿದ ಮಹಾಶಯ ನಾನೇ. ಕೊನೆಯ ವರ್ಷದ ಪ್ರಾಜೆಕ್ಟು. ಇನ್ನೂರ ನಲವತ್ತು ಹುಡುಗರು, ಹನ್ನೆರಡು ಪ್ರಶ್ನೆ. ಪ್ಲಾಸ್ಟಿಕ್ ಮಣ್ಣಲ್ಲಿ ಕರಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಒಂಬತ್ತನೆಯ ಪ್ರಶ್ನೆ, 'ಹಸಿ ಕಸ, ಒಣ ಕಸ ಬೇರೆ ಮಾಡುತ್ತೀರಾ?' ನೂರಕ್ಕೆ ತೊಂಬತ್ತೊಂದು ಜನ 'ಯಾವಾಗಲೂ' ಎಂದು ಗುರುತು ಹಾಕಿದ್ದರು. ಮೊದಲ ಗುರುತು ನನ್ನದೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಉತ್ತರಗಳ ಲೆಕ್ಕವನ್ನು ಬಣ್ಣದ ಚಿತ್ರವಾಗಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದೆ. ವಾರ್ಡನ್ ಬೆನ್ನು ತಟ್ಟಿದರು, ನಾನು ಉಬ್ಬಿಹೋದೆ.

ಮುಂದಿನ ವಾರ ಕಸದ ಲಾರಿಯವನು ನಮ್ಮ ಚೀಲಗಳನ್ನು ಗೇಟಿನಲ್ಲೇ ಬಿಟ್ಟುಹೋದ. ಎಲ್ಲಾ ಬೆರೆತಿದೆ, ಮುಟ್ಟಲ್ಲ ಅಂದ. ಮೂರು ದಿನ ಇದೇ ಕತೆ. ವಾರ್ಡನ್ ನನ್ನ ಚಿತ್ರದ ಮುಂದೆ ನಿಂತು ಯೋಚಿಸಿದರು. ಹುಡುಗರು ಬೇರೆ ಮಾಡಿಯೇ ಹಾಕುತ್ತಾರೆ, ಹಾಗಾದರೆ ಬೆರೆಸುತ್ತಿರುವುದು ಗುಡಿಸುವ ಅಕ್ಕನೇ. ಒಂದನೇ ತಾರೀಖಿನಿಂದ ಬರಬೇಡ ಎಂದು ಅವಳಿಗೆ ಹೇಳಿಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅಕ್ಕ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದಳು.

"ಮಗಾ, ಆ ಬೋರ್ಡಲ್ಲಿ ನನ್ ಬಗ್ಗೆ ಏನ್ ಬರ್ದಿದೀಯ?"

"ನಿಮ್ ಬಗ್ಗೆ ಏನೂ ಇಲ್ಲ ಅಕ್ಕ."

"ಮತ್ತೆ ಸಾಹೇಬ್ರು ಅದನ್ನೇ ತೋರಿಸಿ ಬೈದ್ರಲ್ಲ."

ಅವಳ ಬಲಗೈಗೆ ದಪ್ಪನೆ ಬಟ್ಟೆ ಸುತ್ತಿತ್ತು. ಏನಾಯಿತೆಂದು ಕೇಳಿದೆ. ದಿನಾ ನಾವು ಏಳುವ ಮೊದಲೇ ಅವಳು ಹಿತ್ತಲಲ್ಲಿ ನಮ್ಮ ಚೀಲಗಳನ್ನು ಸುರಿದು, ಅನ್ನದಿಂದ ಕವರು, ಸಿಪ್ಪೆಯಿಂದ ಬಾಟಲಿ, ಎಲ್ಲವನ್ನೂ ಕೈಯಲ್ಲೇ ಆರಿಸಿ ಮತ್ತೆ ಕಟ್ಟಿಡುತ್ತಿದ್ದಳಂತೆ. ನಾಲ್ಕು ದಿನದ ಹಿಂದೆ ನೂಡಲ್ಸ್ ಕಪ್ಪಿನೊಳಗಿದ್ದ ಬ್ಲೇಡು ಅಂಗೈ ಸೀಳಿತು. ಬೆರಳು ಮಡಚಲಾಗದೆ ಚೀಲಗಳನ್ನು ಬಂದ ಹಾಗೇ ಗೇಟಿಗೆ ಎಳೆದಿಟ್ಟಿದ್ದಳು.

"ಇದನ್ನ ಯಾರಿಗೂ ಹೇಳ್ಲಿಲ್ವಾ?"

"ಅದೂ ನನ್ ಕೆಲ್ಸಾನೇ ಅಂದ್ಕೊಂಡಿದ್ದೆ. ಹುಡುಗ್ರೇ ಮಾಡ್ಬೇಕಿತ್ತಾ?"

ಗಡ್ಡ ಬೋಳಿಸಿದ ಬ್ಲೇಡನ್ನು ನೂಡಲ್ಸ್ ಕಪ್ಪಿಗೆ ತುರುಕುವುದು ನನ್ನ ಅಭ್ಯಾಸ. ಬೇರೆಯವರೂ ಹಾಗೆ ಮಾಡಬಹುದು, ನಿಜ. ಆದರೂ ತಲೆಯೆತ್ತಿ ಅವಳ ಮುಖ ನೋಡಲಾಗಲಿಲ್ಲ. ನಾಚಿಕೆಯಿಂದ ಹಿಡಿಯಷ್ಟಾದೆ.

ನೇರ ವಾರ್ಡನ್ ಕೋಣೆಗೆ ಹೋದೆ.

"ಸರ್, ನನ್ ಸಮೀಕ್ಷೆ ಸುಳ್ಳು. ಅಕ್ಕಂದೇನೂ ತಪ್ಪಿಲ್ಲ."

"ಇನ್ನೂರು ಜನ ಸುಳ್ಳು, ನೀನೊಬ್ಬ ಹರಿಶ್ಚಂದ್ರನಾ? ಪ್ರಿನ್ಸಿಪಾಲರಿಗೆ ವರದಿ ಹೋಗಾಯ್ತು. ಹೋಗು, ಓದ್ಕೋ."

ಹೋದೆ, ಆದರೆ ಓದಲಿಕ್ಕಲ್ಲ. ನನ್ನ ರೂಮಿನ ಬುಟ್ಟಿಯನ್ನು ಹೊತ್ತು ತಂದು ಅವರ ಮೇಜಿನ ಮೇಲೆ ಬೋರಲು ಹಾಕಿದೆ. ಹಳಸಿದ ಅನ್ನದ ಡಬ್ಬಿ, ಬಾಳೆಹಣ್ಣಿನ ಸಿಪ್ಪೆ ಅಂಟಿದ ಚಿಪ್ಸ್ ಕವರು, ಶಾಂಪೂ ಪೊಟ್ಟಣ, ನಾಲ್ಕು ಬಾಟಲಿ, ಟೀ ಪುಡಿಯ ಗಸಿ. ನಾತ ಗಪ್ಪನೆ ಎದ್ದಿತು.

"ಒಂಬತ್ತನೇ ಪ್ರಶ್ನೆಗೆ ನನ್ ಉತ್ತರ ಇದು ಸರ್. ಬೇಕಿದ್ರೆ ಯಾವ ರೂಮಿಂದಾದ್ರೂ ತರ್ತೀನಿ."

ವಾರ್ಡನ್ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಸರಿ ಮಾರಾಯ, ಅವಳು ಇರ್ಲಿ. ಕೆಲ್ಸದಿಂದ ತೆಗೀಬೇಡಿ ಅಂತ ಆಫೀಸಿಗೆ ಹೇಳ್ತೀನಿ. ಮೊದ್ಲು ಇದನ್ನ ಕ್ಲೀನ್ ಮಾಡ್ಸು."

ಗೆದ್ದ ಖುಷಿಯಲ್ಲಿ ಬಾಗಿಲಿಗೆ ಓಡಿ, "ಅಕ್ಕಾ, ಬನ್ನಿ!" ಎಂದು ಕೂಗಿದೆ.

ಅವಳು ಬಂದು ಮೇಜು ನೋಡಿದಳು. ಎಡಗೈಯಿಂದ ಡಬ್ಬಿಯ ಅನ್ನವನ್ನು ಬಳಿಯತೊಡಗಿದಳು. ನನ್ನ ಕಸ ಎತ್ತಲಿಕ್ಕೇ ಅವಳನ್ನು ಕರೆದಿದ್ದೆ ಎಂದು ನನಗೆ ಹೊಳೆದದ್ದು ಆಗ.

"ಬಿಡಿ ಅಕ್ಕ, ನಾನ್ ಮಾಡ್ತೀನಿ" ಎಂದು ತೊದಲಿದೆ.

ಅವಳು ಡಬ್ಬಿಯನ್ನು ನನ್ನ ಕೈಗಿಟ್ಟಳು.

"ಮೂರು ವರ್ಷ ನಿನ್ ಕಸ ನಾನ್ ನೋಡಿದೀನಿ ಮಗಾ. ಇವತ್ತು ನೀನೂ ನೋಡು."