ನಾಲ್ಕನೆಯ ದಿನ

“ಕಾಲು ಸಡಿಲ ಬಿಡ್ರಿ ಟೀಚರ್,” ಎಂದಳು ಜೈನಾಬಿ. ಇಂದೂ ಇನ್ನಷ್ಟು ಬಿಗಿಹಿಡಿದಳು.

ಕಮಲಾಪುರದ ಸರಕಾರಿ ದವಾಖಾನೆಯ ಹಿಂದಿನ ಕೋಣೆ. ಗೋಡೆಯ ಚಿತ್ರದಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಹಲ್ಲು ಬಿಟ್ಟು ನಗುತ್ತಿದ್ದರು. ಇಂದೂಗೆ ಒಂದೇ ಮಗಳು, ಮೂರು ವರ್ಷದ ವೈಜೂ. ಇನ್ನೊಂದು ಬೇಡವೆಂದೇ ಬಂದಿದ್ದಳು. ಮೇಜಿನ ಮೇಲೆ ಮಲಗಿದ ಮೇಲೆ, ಬೇಡ ಎನ್ನುತ್ತಿರುವುದು ತಾನೇ ಹೌದೋ ಅಲ್ಲವೋ ಎಂಬ ಅನುಮಾನ ಶುರುವಾಗಿತ್ತು.

ನರ್ಸ್ ಜೈನಾಬಿ ಕಾಪರ್-ಟಿಯನ್ನು ಮೊದಲೇ ತೋರಿಸಿದ್ದಳು. ಬೆರಳುದ್ದವೂ ಇಲ್ಲದ ಬಿಳಿ ಪ್ಲಾಸ್ಟಿಕ್, ಅದಕ್ಕೆ ಸುತ್ತಿದ ತಾಮ್ರದ ತಂತಿ, ತುದಿಗೆ ದಾರ. “ಕೈ ಮಡಚಿಕೊಂಡು ನಳಿಗ್ಯಾಗ ಹೋಗ್ತದ. ಒಳಗ ಹೋಗಿ ಹೀಂಗ ಚಾಚ್ತದ,” ಎಂದು ತನ್ನ ಎರಡೂ ತೋಳು ಅಗಲಿಸಿದ್ದಳು.

ಕಿಬ್ಬೊಟ್ಟೆಯನ್ನು ಯಾರೋ ಒಳಗಿನಿಂದ ಚಿವುಟಿದಂತಾಯಿತು. ಮೈ ಬೆವರಿತು, ವಾಕರಿಕೆ ಬಂತು. ಅಷ್ಟರಲ್ಲಿ ಮುಗಿದಿತ್ತು.

“ಹತ್ತು ನಿಮಿಷ ಏಳಬ್ಯಾಡ್ರಿ. ತಲಿ ತಿರಗ್ತದ. ಹೊಟ್ಟಿನೋವು ಒಂದೆರಡು ದಿನ ಇರ್ತದ. ಹನಿ ಹನಿ ರಕ್ತ ಕಾಣಸ್ತದ. ಎರಡ್ಮೂರು ತಿಂಗಳು ಮುಟ್ಟು ಜಾಸ್ತಿ ಹೋಗಬಹುದು. ಜ್ವರ ಬಂತು, ನೋವು ತಡ್ಯಾಕ ಆಗ್ಲಿಲ್ಲ ಅಂದ್ರ ಕೂಡ್ಲೇ ಬರ್ರಿ.”

“ಆ ಹನಿ ರಕ್ತ… ಮುಟ್ಟಿಂದೇ ಏನ್ರಿ? ಇಲ್ಲಾ ಬ್ಯಾರೇನಾ?”

ಜೈನಾಬಿ ಕೈಗವಸು ಕಳಚುತ್ತ ನಕ್ಕಳು. “ಗಾಯದ್ದನ್ರಿ, ಮುಟ್ಟಿಂದನ್ರಿ. ಬಟ್ಟಿ ಒಗಿಯೋದು ಅಷ್ಟೇ ಅದ. ಸೈನ್ಸ್ ಟೀಚರ್ ನೀವೇ ಹೀಂಗ ಕೇಳಿದ್ರ?”

ಇಂದೂಗೆ ನಾಚಿಕೆಯಾಯಿತು. ಸಂತಾನೋತ್ಪತ್ತಿಯ ಪಾಠ ಬಂದಾಗ ಪ್ರತಿವರ್ಷವೂ ಅವಳು ಹೇಳುವುದು ಒಂದೇ ಮಾತು: ಮನೆಯಲ್ಲಿ ಓದಿಕೊಳ್ಳಿ.

“ನಿಮ್ಮ ಮನ್ಯಾವ್ರು ಹೂಂ ಅಂದಾರಿಲ್ಲ?”

“ಅಂದಾರ.”

ಸುಳ್ಳಲ್ಲ. ಹೋದ ತಿಂಗಳು ಕೇಳಿದಾಗ ಮುಕುಂದ ಪೇಪರಿನ ಹಾಳೆ ಮಗುಚುತ್ತ ಹೂಂ ಎಂದಿದ್ದ. ಆ ಹೂಂ ತನಗೆ ಅಂದದ್ದೋ, ಪೇಪರಿನ ಸುದ್ದಿಗೋ, ಅವಳು ಮತ್ತೆ ಕೇಳಿರಲಿಲ್ಲ.

ಜೈನಾಬಿ ಕೊಟ್ಟ ಕಾರ್ಡಿನಲ್ಲಿ ತೆಗೆಸುವ ವರ್ಷ ೧೯೯೭ ಎಂದು ಬರೆದಿತ್ತು. ಮೂರು ವರ್ಷ. ಇಂದೂ ಅದನ್ನು ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದೊಳಗೆ ಇಟ್ಟಳು. ಮನೆಯಲ್ಲಿ ಆ ಪುಸ್ತಕವನ್ನು ಯಾರೂ ತೆರೆಯುವುದಿಲ್ಲ.

ದಿನಾ ಶಾಲೆಯಿಂದ ಮನೆಗೆ ಮರಳುವ ಕಲಬುರ್ಗಿಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಅತ್ತೆ ಹೇಳಿದ್ದ ಕೆಂಪು ಬಾಳೆಹಣ್ಣಿನ ಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದರೆ ನೋವು ತುಸು ಕಡಿಮೆ. ಹಣ್ಣು ನಾಳೆ ಮಾವನವರ ಶ್ರಾದ್ಧಕ್ಕೆ.

ಅವರ ಮನೆಯಲ್ಲಿ ಮುಟ್ಟಾದವರು ಮೂರು ದಿನ ಹಿತ್ತಲ ಕೋಣೆಯಲ್ಲಿ. ಯಾರನ್ನೂ ಮುಟ್ಟುವಂತಿಲ್ಲ. ವೈಜೂ ತೊಡೆಯ ಮೇಲೆ ಕೂಡಬೇಕೆಂದರೆ ಬಟ್ಟೆ ಕಳಚಿಯೇ ಬರಬೇಕು; ಬತ್ತಲೆ ಮಗುವಿಗೆ ಮೈಲಿಗೆಯಿಲ್ಲ. ಬಸ್ಸಿಗೆ, ಶಾಲೆಗೆ ಈ ಕಟ್ಟಳೆಯಿಲ್ಲ. ಸಂಬಳಕ್ಕಂತೂ ಇಲ್ಲವೇ ಇಲ್ಲ.

ಇವತ್ತು ನಾಲ್ಕನೆಯ ದಿನ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಾಗ ಅತ್ತೆ ಸರಸ್ವತೀಬಾಯಿಗೆ ಎಷ್ಟು ಖುಷಿ! “ಶ್ರಾದ್ಧಕ್ಕ ಸರಿಯಾಗಿ ಐದನೇ ದಿನ ಬಂತು ನೋಡು. ಅಡಿಗಿಗೆ ನೀ ಸಿಕ್ಕಿ. ನನ್ನ ಮೊಣಕಾಲು ಏಳಾಂಗಿಲ್ಲ.” ಮುಟ್ಟು ನಿಲ್ಲುವ ದಿನವೇ ಬರ್ರಿ ಎಂದಿದ್ದಳು ಜೈನಾಬಿ. ಇಬ್ಬರು ಹೆಂಗಸರು ಎರಡು ಊರಲ್ಲಿ ಕೂತು ಒಂದೇ ಮೈಯ ದಿನ ಎಣಿಸಿದ್ದರು.

ತಾಜಸುಲ್ತಾನಪುರ ದಾಟುವಾಗ ಸೀರೆಯೊಳಗೆ ಹಸಿಯಾದದ್ದು ತಿಳಿಯಿತು.

ಮನೆಗೆ ಬಂದವಳೇ ಹಣ್ಣು ಇಳಿಸಿ ಬಚ್ಚಲಿಗೆ ಹೋಗಿ ನೋಡಿದಳು. ಕೆಂಪು. ಹನಿಯೇ, ಆದರೆ ಕೆಂಪು.

ಹೊರಬಂದವಳು ನಡುಮನೆಯಲ್ಲಿ ನಿಂತುಬಿಟ್ಟಳು. ಎಡಕ್ಕೆ ಹಿತ್ತಲ ಕೋಣೆ. ಬಲಕ್ಕೆ ಅಡಿಗೆಮನೆ, ಅಲ್ಲಿ ಸರಸ್ವತೀಬಾಯಿ ಮಡಿಯಲ್ಲಿ ಕೂತು ನಾಳೆಗೆ ಉದ್ದು ಹಸನು ಮಾಡುತ್ತಿದ್ದರು.

“ಇಂದೂ, ನಾಳಿನ ಮಡಿಸೀರಿ ಹಿಂಡಿ ಗಳಕ್ಕ ಹಾಕಿದ್ಯಾ?”

“ಹಾಕ್ತೀನ್ರಿ ಅತ್ಯಾ.”

ಹಾಕಿಬಿಡಬಹುದು. ಇದು ಮುಟ್ಟಲ್ಲ, ಗಾಯ. ಹಾಗೆಂದು ಹೇಳಿದರೆ, ಎಲ್ಲಿಯ ಗಾಯ ಎಂದು ಕೇಳುತ್ತಾರೆ. ಮುಟ್ಟೇ ಎಂದರೆ ನಾಳೆಯ ಶ್ರಾದ್ಧ ಕೆಡುತ್ತದೆ. ನಾಲ್ಕನೇ ದಿನಕ್ಕೆ ಮತ್ತೆ ಹೇಗೆ ಎಂದು ಪ್ರಶ್ನೆ ಬರುತ್ತದೆ. ಪುಸ್ತಕದ ಕಾರ್ಡು ಹೊರಗೆ ಬರುತ್ತದೆ. ಸುಮ್ಮನಿದ್ದರೆ ಯಾರಿಗೂ ತಿಳಿಯದು. ತನಗಂತೂ ಇದರಲ್ಲೆಲ್ಲ ನಂಬಿಕೆಯಿಲ್ಲವೆಂದು ಇಂದೂ ಇಷ್ಟು ವರ್ಷ ನಂಬಿಕೊಂಡಿದ್ದಳು. ಕಾಲು ಮಾತ್ರ ಏಳಲಿಲ್ಲ. ಅವಳಿಗೆ ಹೆದರಿಕೆಯಾಯಿತು.

ಪಡಸಾಲೆಯಲ್ಲಿ ಪೇಪರ್ ಹಿಡಿದಿದ್ದ ಮುಕುಂದ ತಲೆಯೆತ್ತಿದ.

“ಏನಾತು?”

“ಏನಿಲ್ರಿ.”

“ಹೂಂ.”

ವೈಜೂ ಅಂಗಳದಿಂದ ಓಡಿ ಬಂದಳು. ಒಂದು ಮಾರು ದೂರದಲ್ಲಿ ಗಕ್ಕನೆ ನಿಂತಳು. ಅಮ್ಮನನ್ನು ನೋಡಿದಳು, ಹಿತ್ತಲ ಕೋಣೆಯ ಬಾಗಿಲನ್ನು ನೋಡಿದಳು.

“ಅಮ್ಮಾ, ಅಂಗಿ ತೆಗೀಲ್ಯಾ?”

“ಯಾಕ ತೆಗೀತಿ?” ಎಂದರು ಸರಸ್ವತೀಬಾಯಿ ಒಳಗಿನಿಂದ. “ನಿಮ್ಮಮ್ಮ ಮುಂಜಾನೇನೇ ನೀರು ಹಾಕ್ಕೊಂಡಾಳಲ್ಲ.” ಮೊರದ ಸದ್ದು ನಿಂತಿತು. “ಹೌದಿಲ್ಲೋ ಇಂದೂ?”

ಇಂದೂ ಬಾಯಿ ತೆರೆದಳು.

ಮಗು ಉತ್ತರಕ್ಕೆ ಕಾಯಲಿಲ್ಲ. ಮೂರು ದಿನದ ರೂಢಿ. ಅಂಗಿಯನ್ನು ಮೇಲಕ್ಕೆಳೆದುಕೊಂಡಿತು. ಬೆನ್ನ ಹಿಂದಿನ ಗುಂಡಿ ಬಿಚ್ಚಿರಲಿಲ್ಲ. ಅಂಗಿ ತಲೆಯ ಮೇಲೆ ಸಿಕ್ಕಿಕೊಂಡು ಮುಖ ಮುಚ್ಚಿತು.

“ಅಮ್ಮಾ, ಸಿಕ್ಕೊಂಡದ.”

ಸರಸ್ವತೀಬಾಯಿ ಮಡಿಯಲ್ಲಿದ್ದರು, ಮುಟ್ಟುವಂತಿರಲಿಲ್ಲ. ಮುಕುಂದ ಪೇಪರಿನ ಅಂಚಿನಿಂದ ಇಂದೂಳನ್ನು ನೋಡಿದ. ಇಂದೂಳ ಕೈ ಅರ್ಧಕ್ಕೆ ಬಂದು ಗಾಳಿಯಲ್ಲೇ ನಿಂತಿತು.

ನಡುಮನೆಯಲ್ಲಿ, ಬಿಳಿ ಒಳಂಗಿಯ ಪುಟ್ಟ ಮೈ, ಮುಖವಿಲ್ಲದೆ, ಎರಡೂ ಕೈ ಚಾಚಿಕೊಂಡು, ಯಾರಾದರೂ ಮುಟ್ಟಲೆಂದು ಕಾಯುತ್ತ ನಿಂತಿತ್ತು.